ಹಳೆಯ ಹೆಂಚಿನ ಮನೆಯ ಹಿಂದೆ ಒಂದು ಕೋಣೆ: ಎಂಟು ಲಕ್ಷ ಸಾಕಾಗುತ್ತದೆಯೇ?

ಹಳೆಮನೆ, ಚಿಕ್ಕಮಗಳೂರು

ಮಾನ್ಯರೇ, ಚಿಕ್ಕಮಗಳೂರಿನ ಕೋಟೆಯ ಕಡೆ ನಮ್ಮ ಅಜ್ಜ ಕಟ್ಟಿಸಿದ ಹೆಂಚಿನ ಮನೆಯಿದೆ. ಸೈಜುಗಲ್ಲಿನ ಪಾಯ, ಮಣ್ಣಿನ ಗೋಡೆ, ಮಂಗಳೂರು ಹೆಂಚು, ಒಳಗೆ ಕೆಂಪು ಗಾರೆಯ ನೆಲ. ಬಚ್ಚಲುಮನೆ ಮತ್ತು ಶೌಚಾಲಯ ಹಿತ್ತಲಿನಲ್ಲಿ, ಹಿಂಬಾಗಿಲಿನಿಂದ ಸುಮಾರು 20 ಅಡಿ ದೂರದಲ್ಲಿವೆ. ನನ್ನ ತಾಯಿಗೆ ಈಗ 76 ವರ್ಷ, ಮಂಡಿ ನೋವು ಹೆಚ್ಚಾಗಿದೆ. ಕಳೆದ ಆಷಾಢದಲ್ಲಿ ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಟಾರ್ಚು ಹಿಡಿದು ಹೋಗುವಾಗ ಹಿಂಬಾಗಿಲಿನ ಮೆಟ್ಟಿಲಲ್ಲಿ ಜಾರಿ ಬಿದ್ದರು. ಮೂಳೆ ಮುರಿಯಲಿಲ್ಲವೆಂಬುದೇ ಸಮಾಧಾನ. ಮುಂದಿನ ಮಳೆಗಾಲದೊಳಗೆ ಅವರಿಗಾಗಿ ಮನೆಯ ಹಿಂಭಾಗಕ್ಕೆ ಒಂದು ಕೋಣೆ, ಅದಕ್ಕೆ ಸೇರಿದಂತೆ ಸ್ನಾನ ಮತ್ತು ಶೌಚದ ಮನೆ ಕಟ್ಟಿಸಬೇಕೆಂದು ನಿರ್ಧರಿಸಿದ್ದೇನೆ.

ನಮ್ಮ ಮೇಸ್ತ್ರಿ ಬಂದು ನೋಡಿ, ಒಟ್ಟು 300 ಚದರಡಿ, ಅಂದರೆ ಮೂರು ಚದರ ಆಗುತ್ತದೆ, ಸಾಮಗ್ರಿ ಸೇರಿಸಿ ಚದರಡಿಗೆ 2,200 ರೂಪಾಯಿಯಂತೆ 6,60,000 ಕೊಟ್ಟರೆ ಕೀಲಿಕೈ ಕೊಡುತ್ತೇನೆ ಎಂದಿದ್ದಾರೆ. ಈ ಲೆಕ್ಕ ನೋಟುಬುಕ್ಕಿನ ಅರ್ಧ ಹಾಳೆಯಲ್ಲಿದೆ, ಅದರಲ್ಲಿ ಬೇರೇನೂ ಬರೆದಿಲ್ಲ. ನನ್ನ ಬಳಿ ಬ್ಯಾಂಕಿನ ಠೇವಣಿ 5 ಲಕ್ಷವಿದೆ, ಆಲ್ದೂರಿನ ಬಳಿ ಇರುವ ಎರಡೂವರೆ ಎಕರೆಯ ಕಾಫಿಯಿಂದ ಫೆಬ್ರವರಿ, ಮಾರ್ಚ್ ಹೊತ್ತಿಗೆ ಇನ್ನೊಂದು 3 ಲಕ್ಷ ಬರಬಹುದು. ಸಾಲ ಮಾಡುವ ಮನಸ್ಸಿಲ್ಲ. ಈ 8 ಲಕ್ಷದಲ್ಲಿ ಕೆಲಸ ಮುಗಿಯುತ್ತದೆಯೇ, ಮೇಸ್ತ್ರಿಯ ಲೆಕ್ಕದಲ್ಲಿ ಬಿಟ್ಟುಹೋಗಿರುವುದು ಏನಾದರೂ ಇದೆಯೇ ಎಂದು ಅನುಭವವಿದ್ದವರು ದಯವಿಟ್ಟು ತಿಳಿಸಿ.

ಗಾರೆಲೆಕ್ಕ, ಹಾಸನ

ಹಾಸನದ ಸುತ್ತಮುತ್ತ ಮೂವತ್ತು ವರ್ಷ ಕಟ್ಟಡಗಳ ಮೇಲ್ವಿಚಾರಣೆ ಮಾಡಿದವನು ನಾನು. ನಿಮ್ಮ ಮೇಸ್ತ್ರಿ ಮೋಸ ಮಾಡುತ್ತಿದ್ದಾರೆಂದು ನನಗನ್ನಿಸುವುದಿಲ್ಲ. ಆದರೆ ಚದರಡಿಗೆ ಇಷ್ಟು ಎಂಬ ದರ ಹುಟ್ಟಿದ್ದು ಖಾಲಿ ನಿವೇಶನದಲ್ಲಿ ಕಟ್ಟುವ 1,200 ಚದರಡಿಯ ಹೊಸ ಮನೆಗೆ. ಅಲ್ಲಿ ಬಾಗಿಲ ತನಕ ಟಿಪ್ಪರ್ ಬರುತ್ತದೆ, ಒಂದು ಸ್ನಾನದ ಮನೆಯ ದುಬಾರಿ ಖರ್ಚು ಮೂರು ಕೋಣೆ, ಒಂದು ಹಜಾರದ ಮೇಲೆ ಹಂಚಿಹೋಗುತ್ತದೆ. ನಿಮ್ಮ ಮೂರು ಚದರದಲ್ಲಿ ಟೈಲ್ಸ್, ನಲ್ಲಿ, ಪೈಪು, ಶೌಚದ ಗುಂಡಿ ಎಲ್ಲವೂ ಒಂದೇ ಕೋಣೆಯ ಹೆಗಲ ಮೇಲೆ ಬೀಳುತ್ತವೆ. ಆದ್ದರಿಂದ ಆ ಅರ್ಧ ಹಾಳೆಯನ್ನು ಪಕ್ಕಕ್ಕಿಟ್ಟು ಮೂರು ಪ್ರಶ್ನೆಗಳಿಗೆ ಉತ್ತರ ಕೊಡಿ. ಹಳೆಯ ಮನೆಯ ನೆಲ ಹಿತ್ತಲಿಗಿಂತ ಎಷ್ಟು ಎತ್ತರದಲ್ಲಿದೆ? ರಸ್ತೆಯಿಂದ ಹಿತ್ತಲಿಗೆ ಸಾಮಾನು ಹೋಗಲು ಇರುವ ದಾರಿಯ ಅಗಲ ಎಷ್ಟು? ಹಿಂದಿನ ಸೂರು ನೆಲದಿಂದ ಎಷ್ಟು ಎತ್ತರದಲ್ಲಿದೆ?

ಜನ ಹೆದರುವುದು ಮೋಲ್ಡ್‌ನ, ಅಂದರೆ ಕಾಂಕ್ರೀಟು ಚಾವಣಿಯ ಖರ್ಚಿಗೆ, ಆದ್ದರಿಂದ ಅದರ ಲೆಕ್ಕವನ್ನೇ ಮೊದಲು ಹೇಳಿಬಿಡುತ್ತೇನೆ. 300 ಚದರಡಿಗೆ 5 ಇಂಚು ದಪ್ಪದ ಸ್ಲ್ಯಾಬ್ ಎಂದರೆ 125 ಘನ ಅಡಿ, ಅಂದರೆ ಮೂರೂವರೆ ಘನ ಮೀಟರ್ ಕಾಂಕ್ರೀಟು. ಸಿಮೆಂಟು, ಮರಳು, ಜಲ್ಲಿ ಕ್ರಮವಾಗಿ ಒಂದು, ಒಂದೂವರೆ, ಮೂರು ಪಾಲಿನ ಮಿಶ್ರಣದಲ್ಲಿ ಇದಕ್ಕೆ ಸುಮಾರು 28 ಮೂಟೆ ಸಿಮೆಂಟು, 105 ಘನ ಅಡಿ ಜಲ್ಲಿ, 52 ಘನ ಅಡಿ ಎಂ ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು), ಜೊತೆಗೆ ಮುನ್ನೂರು ಕಿಲೋ ಆಸುಪಾಸಿನ ಕಬ್ಬಿಣ ಬೇಕು. ಗೋಡೆಗೆ 16, 8, 6 ಇಂಚಿನ ಸಾಲಿಡ್ ಬ್ಲಾಕು ಬಳಸಿದರೆ 100 ಚದರಡಿ ಗೋಡೆಗೆ ಸುಮಾರು 110 ಬ್ಲಾಕು ಹಿಡಿಯುತ್ತವೆ. ಈ ಅಂಕಿಗಳನ್ನು ನಿಮ್ಮ ಊರಿನ ಅಂಗಡಿಯ ದರದಿಂದ ಗುಣಿಸಿ ನೋಡಿ, ಮೋಲ್ಡ್‌ನ ಸಾಮಗ್ರಿ ನೀವು ಅಂದುಕೊಂಡಷ್ಟು ದೊಡ್ಡ ಬಾಬ್ತಲ್ಲ. ಹಣ ಸೋರುವುದು ಬೇರೆ ಕಡೆ.

ಇನ್ನೊಂದು ಮಾತು, ಮೇಸ್ತ್ರಿ ದರ ಹೇಳಿದ್ದು ಯಾವಾಗ ಎಂದು ಕೇಳಿಕೊಳ್ಳಿ. ಸಿಮೆಂಟಿನ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ ಶೇ. 18ಕ್ಕೆ ಇಳಿದಿದೆ. ನಿಮ್ಮ ಕೆಲಸಕ್ಕೆ 150 ಮೂಟೆ ಎಂದುಕೊಂಡರೆ ಉಳಿಯುವುದು ನಾಲ್ಕೈದು ಸಾವಿರವಷ್ಟೇ, ಆದರೆ ಹಳೆಯ ದರದ ಮೇಲೆ ಹೊಸ ಕರಾರು ಮಾಡಿಕೊಳ್ಳುವ ಅಗತ್ಯವಿಲ್ಲ.

ಹಳೆಮನೆ, ಚಿಕ್ಕಮಗಳೂರು

ನಿಮ್ಮ ಉತ್ತರ ಓದಿ ಟೇಪು ಹಿಡಿದು ಅಳೆದೆ. ಹಿತ್ತಲಿಗಿಂತ ಮನೆಯ ನೆಲ ಸರಿಯಾಗಿ 3 ಅಡಿ ಎತ್ತರದಲ್ಲಿದೆ, ಹಿಂಬಾಗಿಲಿನಿಂದ ಇಳಿಯಲು ಐದು ಮೆಟ್ಟಿಲುಗಳಿವೆ. ಮನೆಯ ಪಕ್ಕದ ಓಣಿ 3 ಅಡಿ 2 ಇಂಚು, ಅದರಲ್ಲಿಯೂ ಒಂದು ಕಡೆ ಪಕ್ಕದ ಮನೆಯವರ ನೀರಿನ ಪೈಪು ಹೊರಗೆ ಚಾಚಿಕೊಂಡಿದೆ. ಹಿಂದಿನ ಸೂರು ಮನೆಯ ನೆಲದ ಮಟ್ಟದಿಂದ ಏಳೂವರೆ ಅಡಿ. ಮೇಸ್ತ್ರಿ ಅದೇ ಮಾಡನ್ನು ಹಿಂದಕ್ಕೆ ಎಳೆದುಬಿಡೋಣ, ಹೆಂಚೂ ಉಳಿಯುತ್ತದೆ ಎಂದಿದ್ದರು.

ಸೂರುನೀರು, ಮೂಡಿಗೆರೆ

ಮಾಡನ್ನು ಹಿಂದಕ್ಕೆ ಎಳೆಯುವುದು ಬಾಯಲ್ಲಿ ಹೇಳಲು ಸುಲಭ. ನಮ್ಮ ಕಡೆಯ ಹೆಂಚಿನ ಮಾಡು 30 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಆ ಇಳಿಜಾರಿನಲ್ಲಿ ಒಂದು ಅಡಿ ಮುಂದೆ ಹೋದರೆ ಮಾಡು ಸುಮಾರು 7 ಇಂಚು ಕೆಳಗಿಳಿಯುತ್ತದೆ. ನಿಮ್ಮ ಕೋಣೆ 14 ಅಡಿ ಹಿಂದಕ್ಕೆ ಚಾಚಿದರೆ ಮಾಡು 8 ಅಡಿ ಇಳಿಯಬೇಕು, ಆದರೆ ನಿಮ್ಮ ಸೂರು ಇರುವುದೇ ಏಳೂವರೆ ಅಡಿಯಲ್ಲಿ! ಕೋಣೆಯ ಕೊನೆಯ ಗೋಡೆಯ ಹತ್ತಿರ ಹೆಂಚು ನೆಲವನ್ನು ಮುಟ್ಟಿರುತ್ತದೆ. ಇಳಿಜಾರು ಕಡಿಮೆ ಮಾಡಿ ಎಳೆದರೆ ಗಾಳಿ ಮಳೆಗೆ ನೀರು ಹೆಂಚಿನ ಅಡಿಯಿಂದ ಹಿಂದಕ್ಕೆ ಹತ್ತಿ ಹೆಂಚು ಹೊರುವ ಮರದ ರೀಪು, ಪಕಾಸಿಗಳನ್ನು ನೆನೆಸುತ್ತದೆ.

ಉಳಿಯುವುದು ಮೋಲ್ಡ್. ಅದರಲ್ಲಿಯೂ ತೊಡಕಿದೆ. ಸೂರಿನ ಕೆಳಗೆ ಮೋಲ್ಡ್ ಹಾಕಿದರೆ ಕೋಣೆಯ ಎತ್ತರ ಏಳು ಅಡಿ ದಾಟುವುದಿಲ್ಲ. ಸೂರಿಗಿಂತ ಮೇಲೆ ಹಾಕಿದರೆ ಹಳೆಯ ಮಾಡಿನ ನೀರೆಲ್ಲ ಹೊಸ ಗೋಡೆಗೆ ಬಂದು ಬಡಿಯುತ್ತದೆ. ಆಗ ಎರಡರ ನಡುವೆ ನೀರು ಹರಿದುಹೋಗಲು ತಗಡಿನ ದೋಣಿ ಕೂರಿಸಬೇಕು. ಜೂನ್ ಮೊದಲ ವಾರದಿಂದ ಸೆಪ್ಟೆಂಬರ್ ತನಕ ಮನೆಯ ಅರ್ಧ ಮಾಡಿನ ನೀರು ಆ ಒಂದೇ ದೋಣಿಯಲ್ಲಿ ಹರಿಯಬೇಕು. ಹಲಸಿನ ಎಲೆ ನಾಲ್ಕು ಬಿದ್ದು ಬಾಯಿ ಕಟ್ಟಿದರೆ ನೀರು ಹಿಂದಕ್ಕೆ ತುಂಬಿ ನೇರವಾಗಿ ಮಣ್ಣಿನ ಗೋಡೆಯ ತಲೆಯ ಮೇಲೆ ಇಳಿಯುತ್ತದೆ. ಇಟ್ಟಿಗೆ ಗೋಡೆ ನೆನೆದರೆ ಬಣ್ಣ ಹೋಗುತ್ತದೆ, ಮಣ್ಣಿನ ಗೋಡೆ ನೆನೆದರೆ ಗೋಡೆಯೇ ಹೋಗುತ್ತದೆ.

ನನ್ನ ಸಲಹೆ ಸ್ವಲ್ಪ ವಿಚಿತ್ರವೆನಿಸಬಹುದು. ಹೊಸ ಕೋಣೆಯನ್ನು ಹಳೆಯ ಮನೆಗೆ ಅಂಟಿಸಬೇಡಿ. ಹಿಂದಿನ ಗೋಡೆಯಿಂದ 4 ಅಡಿ ಬಿಟ್ಟು, ಅದರದೇ ಪಾಯ, ಅದರದೇ ಗೋಡೆ, ಅದರದೇ ಮೋಲ್ಡ್ ಇರುವಂತೆ ಪ್ರತ್ಯೇಕವಾಗಿ ಕಟ್ಟಿಸಿ. ಹಿಂಬಾಗಿಲಿನ ಎದುರಿಗೆ ಮಾತ್ರ 6 ಅಡಿ ಅಗಲದ ಒಂದು ಹಾದಿಯನ್ನು ಅದೇ ನೆಲಮಟ್ಟದಲ್ಲಿ ಕಟ್ಟಿ ಎರಡನ್ನೂ ಸೇರಿಸಿ. ಹಳೆಯ ಸೂರಿನ ನೀರು ಈಗ ಬೀಳುವಲ್ಲಿಯೇ ಬೀಳುತ್ತದೆ, ಅಡುಗೆಮನೆಯ ಕಿಟಕಿಗೆ ಬೆಳಕು ತಪ್ಪುವುದಿಲ್ಲ. ಹಳೆಯ ಪಾಯದ ಬುಡ ಅಗೆಯುವ ಅಪಾಯವೂ ಇರುವುದಿಲ್ಲ. ದೋಣಿ ಬೇಕಾದರೂ 14 ಅಡಿಗಲ್ಲ, ಹಾದಿಯ 6 ಅಡಿಗೆ ಮಾತ್ರ ಬೇಕು.

ಗಾರೆಲೆಕ್ಕ, ಹಾಸನ

ಮೂಡಿಗೆರೆಯವರ ಸಲಹೆಯನ್ನು ನಾನು ಒಪ್ಪುತ್ತೇನೆ, ಆದರೆ ಒಂದು ತಕರಾರಿದೆ. ವಯಸ್ಸಾದವರು ರಾತ್ರಿ ಎರಡು ಗಂಟೆಗೆ ಎದ್ದಾಗ ಮಗನನ್ನು ಕೂಗಿದರೆ ಕೇಳಿಸಬೇಕು. ಆದ್ದರಿಂದ ಆ 4 ಅಡಿ ಉದ್ದದ ಹಾದಿಯನ್ನು ಬರೀ ಮೇಲ್ಛಾವಣಿ ಹಾಕಿ ಬಿಡದೆ ಎರಡೂ ಬದಿಗೆ ಅರ್ಧ ಗೋಡೆ, ಮೇಲೆ ಜಾಲಿ ಅಥವಾ ಗಾಜು ಹಾಕಿ ಮುಚ್ಚಿ. ಎರಡೂ ತುದಿಯಲ್ಲಿ ದೀಪದ ಸ್ವಿಚ್ಚು ಇರಲಿ. ಇಳಿಜಾರು ಮಾಡಿಬಿಡೋಣ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಗಾಲಿಕುರ್ಚಿಗೆ ಸಲ್ಲುವ ಇಳಿಜಾರು ಒಂದಕ್ಕೆ ಹನ್ನೆರಡು, 3 ಅಡಿ ಇಳಿಯಲು 36 ಅಡಿ ಉದ್ದ ಬೇಕು. ನಿಮ್ಮ ಹಿತ್ತಲಿನಲ್ಲಿ ಅದು ಸಾಧ್ಯವಿಲ್ಲ. ಹೊಸ ಕೋಣೆಯ ನೆಲ ಹಳೆಯ ನೆಲದ ಮಟ್ಟಕ್ಕೆ ಬರಲೇಬೇಕು.

ಹಾಗೆಂದರೆ 3 ಅಡಿ ಪಾಯ ತುಂಬಬೇಕು. ನಾನು ಹೇಳಿದ ಸೋರಿಕೆ ಇದೇ. 300 ಚದರಡಿಗೆ 3 ಅಡಿ ಎಂದರೆ 900 ಘನ ಅಡಿ, ನೀರು ಹಾಕಿ ದಮ್ಮಸ್ಸು ಮಾಡಿದಾಗ, ಅಂದರೆ ಬಡಿದು ಗಟ್ಟಿ ಮಾಡಿದಾಗ, ಕುಗ್ಗುವುದರಿಂದ ತರಿಸಬೇಕಾದ ಸಡಿಲ ಮಣ್ಣು 1,100 ಘನ ಅಡಿ. ಟ್ರ್ಯಾಕ್ಟರ್ ಲೋಡಿಗೆ 100 ಘನ ಅಡಿ ಹಿಡಿದರೆ 11 ಲೋಡು. ಅದೆಲ್ಲ ರಸ್ತೆಯಲ್ಲಿ ಬೀಳುತ್ತದೆ, ಅಲ್ಲಿಂದ ನಿಮ್ಮ 3 ಅಡಿಯ ಓಣಿಯಲ್ಲಿ ತಲೆಹೊರೆಯಲ್ಲಿ ಹೋಗಬೇಕು. ಬಾಂಡ್ಲಿಗೆ ಅರ್ಧ ಘನ ಅಡಿ ಎಂದರೂ 2,200 ಬಾಂಡ್ಲಿ. ಜಲ್ಲಿ, ಮರಳು, ಬ್ಲಾಕು, ಸಿಮೆಂಟು ಇದರ ಮೇಲೆ. ಮಣ್ಣು ತುಂಬುವುದು ದರದಲ್ಲಿ ಸೇರಿದೆಯೇ, ಹೊರುವ ಕೂಲಿ ಯಾರದು ಎಂದು ಮೇಸ್ತ್ರಿಯನ್ನು ಕೇಳಿ. ಸೇರಿಲ್ಲ ಎಂಬ ಉತ್ತರ ಬಂದರೆ ನನಗೆ ಆಶ್ಚರ್ಯವಾಗುವುದಿಲ್ಲ. ಪಾಯ ಅಗೆದ ಮಣ್ಣನ್ನೂ, ಹಳೆಯ ಬಚ್ಚಲು ಕೆಡವಿದ ಕಲ್ಲು ಮಣ್ಣನ್ನೂ ಹೊರಗೆ ಸಾಗಿಸದೆ ಇದಕ್ಕೇ ಬಳಸಿದರೆ ಎರಡು ಕಡೆಯ ಖರ್ಚು ಉಳಿಯುತ್ತದೆ. ಆದರೆ ಅರ್ಧರ್ಧ ಅಡಿಯ ಪದರವಾಗಿ ತುಂಬಿ ದಮ್ಮಸ್ಸು ಮಾಡಿಸಿ. ಒಂದೇ ಸಲ 3 ಅಡಿ ತುಂಬಿ ಮೇಲೆ ಟೈಲ್ಸ್ ಹಾಕಿದರೆ ಎರಡನೆಯ ಮಳೆಗಾಲಕ್ಕೆ ನೆಲ ಕುಸಿಯುತ್ತದೆ.

ಹಾನುಬಾಳು ದಾರಿ, ಸಕಲೇಶಪುರ

ನಾವು ಮೂರು ವರ್ಷಗಳ ಹಿಂದೆ ಇದೇ ಕೆಲಸ ಮಾಡಿಸಿದೆವು. ನಮ್ಮ ಮನೆಯವರು ಲೆಕ್ಕವನ್ನು ತಮ್ಮ ತಲೆಯಲ್ಲಿ ಇಟ್ಟುಕೊಂಡಿದ್ದರು, ನಾನು ಅಡುಗೆಮನೆಯ ಕ್ಯಾಲೆಂಡರಿನ ಹಿಂದೆ ಬರೆದಿಟ್ಟುಕೊಂಡಿದ್ದೆ, ಆದ್ದರಿಂದ ನಿಖರವಾಗಿ ಹೇಳಬಲ್ಲೆ. ಒಪ್ಪಿಕೊಂಡಿದ್ದು 5,50,000, ಕೊನೆಗೆ ಆಗಿದ್ದು 7,86,000. ಹೆಚ್ಚಾದ ಹಣದಲ್ಲಿ ಒಂದು ರೂಪಾಯಿಯೂ ಹೊಸ ಕೋಣೆಯ ಅಂದಕ್ಕೆ ಹೋಗಲಿಲ್ಲ. ಮಣ್ಣು ತುಂಬಲು, ಹೊರಲು, ಚರಂಡಿ ತಿರುಗಿಸಲು, ಹಳೆಯ ಮೀಟರ್ ಬೋರ್ಡಿಗೆ ಹೊಸ ಗೀಸರಿನ ಭಾರ ತಡೆಯುವುದಿಲ್ಲವೆಂದು ವೈರು ಬದಲಾಯಿಸಲು, ಜೊತೆಗೆ ನಾವು ಹೊಸ ಗೋಡೆಯನ್ನು ಹಳೆಯ ಗೋಡೆಗೆ ಅಂಟಿಸಿದ್ದರಿಂದ ಆದ ಬಿರುಕು ಮುಚ್ಚಲು ಹೋಯಿತು. ಆ ಬಿರುಕಿಗೆ ಮೂರು ಸಲ ಗಾರೆ ಮಾಡಿಸಿದ್ದೇವೆ. ಪ್ರತಿ ಬೇಸಿಗೆಯಲ್ಲಿ ಅದು ಮತ್ತೆ ಬಾಯಿ ಬಿಡುತ್ತದೆ, ಈಗ ಅದರ ಮುಂದೆ ಬೀರು ಇಟ್ಟಿದ್ದೇವೆ.

ಹಣ ಕೊಡುವ ರೀತಿಯಲ್ಲಿಯೂ ನಾವು ತಪ್ಪಿದೆವು. ನಮ್ಮ ಗುತ್ತಿಗೆದಾರರು ಮುಂಗಡವಾಗಿ ಎರಡು ಲಕ್ಷ ಪಡೆದು, ಪಾಯ ಮುಗಿಸಿ, ಇನ್ನೊಂದು ಕಡೆ ಕೆಲಸ ಹಿಡಿದು ಐದು ವಾರ ಇತ್ತ ತಲೆ ಹಾಕಲಿಲ್ಲ. ಆ ಐದು ವಾರ ಏಪ್ರಿಲ್ ತಿಂಗಳಲ್ಲಿ ಕಳೆದದ್ದರಿಂದ ಮೋಲ್ಡ್ ಹಾಕುವ ದಿನ ಮೇ ಕೊನೆಗೆ ಬಂತು, ಮೋಲ್ಡ್ ಹೊತ್ತ ಸೆಂಟ್ರಿಂಗ್ ಹಲಗೆ ಬಿಚ್ಚುವ ಹೊತ್ತಿಗೆ ಮಳೆ ಹಿಡಿದಿತ್ತು. ಒಳಗಿನ ಗಾರೆ ಒಣಗದೆ ಬಣ್ಣ ಬಳಿಯಲು ದಸರಾ ತನಕ ಕಾಯಬೇಕಾಯಿತು. ನೀವು ಪಾಯ, ಲಿಂಟಲ್ (ಬಾಗಿಲು, ಕಿಟಕಿಯ ಮೇಲಿನ ತೊಲೆ), ಮೋಲ್ಡ್, ಗಾರೆ, ಟೈಲ್ಸ್ ಎಂದು ಹಂತ ಮಾಡಿ, ಆಯಾ ಹಂತ ಮುಗಿದ ಮೇಲೆ ಮಾತ್ರ ಹಣ ಕೊಡಿ. ಕೊನೆಯ ಹತ್ತರಲ್ಲಿ ಒಂದು ಪಾಲನ್ನು ಒಂದು ಜೋರು ಮಳೆ ನೋಡುವ ತನಕ ಕೈಯಲ್ಲಿ ಇಟ್ಟುಕೊಳ್ಳಿ.

ಬೇಲೂರು ರಸ್ತೆ, ಚಿಕ್ಕಮಗಳೂರು

ಕಾಗದಪತ್ರದ ಬಗ್ಗೆ ಯಾರೂ ಹೇಳಲಿಲ್ಲವಾದ್ದರಿಂದ ಎರಡು ಮಾತು. ಹಿತ್ತಲಿನ ಕೋಣೆ ಯಾರ ಕಣ್ಣಿಗೆ ಬೀಳುತ್ತದೆ ಎಂದು ನಗರಸಭೆಯ ಅನುಮತಿ ಇಲ್ಲದೆ ಕಟ್ಟುವವರು ಬಹಳ. ಮುಂದೆ ಮನೆ ಭಾಗವಾಗುವಾಗ, ಮಾರುವಾಗ ಅಥವಾ ಸಾಲಕ್ಕೆ ಹೋದಾಗ ಆ ಕೋಣೆ ನಕ್ಷೆಯಲ್ಲಿಲ್ಲವೆಂಬ ಮಾತು ಏಳುತ್ತದೆ. ಖಾತೆ ಇನ್ನೂ ಅಜ್ಜನ ಹೆಸರಿನಲ್ಲಿದ್ದರೆ ಮೊದಲು ಅದನ್ನು ಸರಿಪಡಿಸಿಕೊಳ್ಳಿ, ಒಡಹುಟ್ಟಿದವರಿದ್ದರೆ ಅವರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಹಿಂದಿನ ಎಲ್ಲೆಯಿಂದ ಬಿಡಬೇಕಾದ ಜಾಗ ಎಷ್ಟೆಂದು ನಕ್ಷೆ ಬರೆಯುವವರೇ ಹೇಳುತ್ತಾರೆ, 4 ಅಡಿ ಹಿಂದಕ್ಕೆ ಸರಿಯುವ ಯೋಜನೆಗೆ ಇದು ಮುಖ್ಯ. ಇನ್ನು ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆಂದು ವಸೂಲು ಮಾಡುವ ಸುಂಕ, ಸ್ವಂತ ವಾಸಕ್ಕೆ ನಿಮ್ಮಷ್ಟು ಸಣ್ಣ ಖರ್ಚಿನಲ್ಲಿ ಕಟ್ಟಿಸುವವರಿಗೆ ಅನ್ವಯಿಸುವುದಿಲ್ಲ. ಅದನ್ನು ನಿಮ್ಮ ಲೆಕ್ಕಕ್ಕೆ ಸೇರಿಸಬೇಡಿ.

ಹಳೆಮನೆ, ಚಿಕ್ಕಮಗಳೂರು

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಸಂಜೆ ಮೇಸ್ತ್ರಿಯನ್ನು ಕೂರಿಸಿಕೊಂಡು ಕಾಫಿ ಕೊಟ್ಟು ಒಂದೊಂದಾಗಿ ಕೇಳಿದೆ. ಮಣ್ಣು ತುಂಬುವುದು ಸೇರಿಲ್ಲ, ಹೊರುವ ಕೂಲಿ ಸೇರಿಲ್ಲ, ಹಳೆಯ ಬಚ್ಚಲು ಕೆಡವುವುದು ಸೇರಿಲ್ಲ, ಸ್ನಾನದ ಮನೆಯಿಂದ ಗುಂಡಿಯ ತನಕದ ಪೈಪು ಸಹ ಸೇರಿಲ್ಲ. ಹಾಗಾದರೆ ಎಲ್ಲ ಸೇರಿ ಎಂದಿರಲ್ಲ ಎಂದು ಕೇಳಿದ್ದಕ್ಕೆ, ಎಲ್ಲ ಎಂದರೆ ಕೋಣೆ ಸ್ವಾಮಿ, ಮಣ್ಣು ಹೇಗೆ ಕೋಣೆಯಾಗುತ್ತದೆ ಎಂದರು. ಅವರ ದೃಷ್ಟಿಯಿಂದ ಅದೂ ಸರಿಯೇ.

ಹೊಸ ಲೆಕ್ಕ ಹೀಗಿದೆ. ಕೋಣೆಯನ್ನು 12ಕ್ಕೆ 13 ಅಡಿಗೆ ಇಳಿಸಿ, ಸ್ನಾನದ ಮನೆ ಮತ್ತು ಗೋಡೆಗಳೂ ಸೇರಿ 250 ಚದರಡಿ ಮಾಡಿದ್ದೇವೆ, ಅದಕ್ಕೆ ಹಳೆಯ ದರದಲ್ಲಿಯೇ 5,50,000. ಮಣ್ಣು ಮತ್ತು ಹೊರುವ ಕೂಲಿಗೆ 55,000, ಮುಚ್ಚಿದ ಹಾದಿಗೆ 35,000, ಪೈಪು, ಚೇಂಬರು (ಪೈಪು ಶುಚಿ ಮಾಡುವ ತೊಟ್ಟಿ), ಗುಂಡಿಯ ದುರಸ್ತಿಗೆ 40,000, ಕೆಡವಲು 15,000, ಮೀಟರ್ ಬೋರ್ಡು ಮತ್ತು ಮುಖ್ಯ ವೈರಿಗೆ 20,000, ನಕ್ಷೆ ಮತ್ತು ಶುಲ್ಕಕ್ಕೆ 20,000. ಒಟ್ಟು 7,35,000. ಇದರ ಮೇಲೆ ಹತ್ತರಲ್ಲೊಂದು ಪಾಲನ್ನು ಅನಿರೀಕ್ಷಿತ ಖರ್ಚಿಗೆಂದು ಸೇರಿಸಿದರೆ 8 ಲಕ್ಷ ದಾಟುತ್ತದೆ. ಆದ್ದರಿಂದ ಹಳೆಯ ಕೊಟ್ಟಿಗೆಯಲ್ಲಿದ್ದ ಹೊನ್ನೆಯ ಬಾಗಿಲು ಮತ್ತು ಎರಡು ಕಿಟಕಿಗಳನ್ನು ಬಳಸಲು ಮೇಸ್ತ್ರಿ ಒಪ್ಪಿದ್ದಾರೆ, ಬೀರು ಮತ್ತು ಸೂರಿನ ತನಕ ಟೈಲ್ಸ್ ಎಂಬುದನ್ನು ಕೈಬಿಟ್ಟಿದ್ದೇವೆ. ಇದರಿಂದ 25,000 ಇಳಿದು ಎಲ್ಲ ಸೇರಿ 7,83,500ಕ್ಕೆ ನಿಂತಿದೆ.

ಧನುರ್ಮಾಸದಲ್ಲಿ ಬೇಡವೆಂದು ಅಮ್ಮ ಹೇಳಿದ್ದರಿಂದ ಸಂಕ್ರಾಂತಿ ಕಳೆದ ವಾರ ಗುದ್ದಲಿ ಪೂಜೆ. ಠೇವಣಿಯ ಹಣದಲ್ಲಿ ಮೋಲ್ಡ್ ತನಕ ಮುಗಿಸಿ, ಗಾರೆ ಮತ್ತು ಟೈಲ್ಸ್ ಕೆಲಸಕ್ಕೆ ಕಾಫಿಯ ಹಣ ಬಳಸುವುದೆಂದು ಆಗಿದೆ. ಕಾಫಿಯ ದರ ಕೈಕೊಟ್ಟರೆ ಹೊರಗಿನ ಗಾರೆ ಒಂದು ವರ್ಷ ಹಾಗೆಯೇ ನಿಲ್ಲಬಹುದು, ಸ್ನಾನದ ಮನೆ ಮತ್ತು ಹಾದಿ ಮಾತ್ರ ನಿಲ್ಲುವಂತಿಲ್ಲ. ಸಾಮಾನ್ಯವಾಗಿ ನಮ್ಮ ಕಡೆ ಕಾಫಿ ಕುಯ್ಲಿನ ಹೊತ್ತಿನಲ್ಲಿ ಕೂಲಿಗೆ ಜನ ಸಿಗುವುದಿಲ್ಲವಾದ್ದರಿಂದ, ಮಣ್ಣು ಹೊರುವ ಕೆಲಸಕ್ಕೆ ಮೇಸ್ತ್ರಿ ಹೊರಗಿನಿಂದ ನಾಲ್ಕು ಜನರನ್ನು ಕರೆತರುತ್ತಾರಂತೆ. ಓಣಿಯಲ್ಲಿ ಚಾಚಿಕೊಂಡಿರುವ ಪೈಪಿಗೆ ಪೆಟ್ಟಾದರೆ ನಾನೇ ಸರಿಪಡಿಸಿಕೊಡುತ್ತೇನೆಂದು ಪಕ್ಕದ ಮನೆಯವರಿಗೆ ಮೊದಲೇ ಹೇಳಿದ್ದೇನೆ.

ಒಂದೇ ಅನುಮಾನ ಉಳಿದಿದೆ. ಗುಂಡಿ 20 ಅಡಿ ದೂರದಲ್ಲಿಯೇ ಇರಲಿ, ಅಲ್ಲಿಯ ತನಕ ಪೈಪು ಎಳೆಯೋಣ ಎನ್ನುತ್ತಾರೆ. ಅಷ್ಟು ದೂರಕ್ಕೆ ನೀರು ಸರಾಗವಾಗಿ ಹೋಗುತ್ತದೆಯೇ?

ಗಾರೆಲೆಕ್ಕ, ಹಾಸನ

ಹೋಗುತ್ತದೆ. ನಾಲ್ಕು ಇಂಚಿನ ಪೈಪಿಗೆ ನಲವತ್ತಕ್ಕೆ ಒಂದರಂತೆ ಇಳಿಜಾರು ಕೊಟ್ಟರೆ 20 ಅಡಿಗೆ 6 ಇಂಚು ಇಳಿದರೆ ಸಾಕು, ನಿಮಗೆ 3 ಅಡಿ ಎತ್ತರ ಹೇಗೂ ಇದೆ. ತಿರುವು ಇರುವಲ್ಲೆಲ್ಲ ಒಂದು ಚೇಂಬರು ಇರಲಿ. ಸ್ನಾನದ ಮನೆಯ ನೆಲ ಕೋಣೆಯ ನೆಲಕ್ಕಿಂತ ಅರ್ಧ ಇಂಚು ಮಾತ್ರ ತಗ್ಗಿರಲಿ, ಹೊಸ್ತಿಲು ಬೇಡ. ಟೈಲ್ಸ್ ಒರಟಾದುದನ್ನೇ ಆರಿಸಿ. ಅಮ್ಮನವರು ಹಿಡಿದು ಏಳಲು ಗೋಡೆಗೆ ಹಿಡಿಕೆ ಕೂರಿಸುವ ಜಾಗದಲ್ಲಿ ಬ್ಲಾಕಿನ ಬದಲು ಕಾಂಕ್ರೀಟು ತುಂಬಿಸಲು ಮೇಸ್ತ್ರಿಗೆ ಈಗಲೇ ಹೇಳಿ, ಆಮೇಲೆ ಕೊರೆದು ಕೂರಿಸಿದ್ದು ಭಾರಕ್ಕೆ ನಿಲ್ಲುವುದಿಲ್ಲ. ಸ್ನಾನದ ಮನೆಯ ಬಾಗಿಲು ಹೊರಕ್ಕೆ ತೆರೆಯುವಂತೆ ಮಾಡಿಸಿ. ಒಳಗೆ ಯಾರಾದರೂ ಬಾಗಿಲಿಗೆ ಅಡ್ಡಲಾಗಿ ಬಿದ್ದರೆ ಒಳಕ್ಕೆ ತೆರೆಯುವ ಬಾಗಿಲನ್ನು ತಳ್ಳಲು ಆಗುವುದಿಲ್ಲ. ಕೊಟ್ಟಿಗೆಯ ಹೊನ್ನೆ ಬಾಗಿಲನ್ನು ಅಲ್ಲಿಗೆ ಬಳಸಬೇಡಿ, ಅದು ಬಲು ಭಾರ, ಅಮ್ಮನವರ ಕೈಗೆ ಹಗುರವಾದ ಪಿವಿಸಿ ಬಾಗಿಲು ಸಾಕು.